ಹಾಲಸ್ವಾಮಿ ಕಂಡ ಬಳೆ ಅಂಗಡಿ

ಆದೋನಿಯಲ್ಲಿ ಮಳೆ ಬಂದರೆ ಜನ ಛತ್ರಿ ಬಿಚ್ಚುವುದಿಲ್ಲ, ಬಾಗಿಲಿಗೆ ಬಂದು ನಿಂತು ನೋಡುತ್ತಾರೆ. ಅಂಥ ಊರಿನಲ್ಲಿ ಹನ್ನೆರಡು ವರ್ಷದಿಂದ ಮೊಣಕಾಲು ಮುಟ್ಟುವ ಮಳೆಕೋಟು ಹಾಕಿಕೊಂಡು ತಿರುಗಿದವನು ಹಾಲಸ್ವಾಮಿ ಒಬ್ಬನೇ. ತಲೆಯ ಮೇಲೆ ಕಂದು ಬಣ್ಣದ ಟೊಪ್ಪಿಗೆ. ಅದರ ಅಂಚು ಎಡಗಣ್ಣಿನ ಮೇಲೆ ಇಷ್ಟೇ ಬಾಗಿರಬೇಕೆಂದು ಅವನದೊಂದು ಅಳತೆ. ಏಪ್ರಿಲ್ ತಿಂಗಳಲ್ಲಿ ಆ ಕೋಟಿನೊಳಗೆ ಕುಕ್ಕರಿನ ಬೇಳೆಯಂತೆ ಬೇಯುತ್ತಿದ್ದ. ಪತ್ತೇದಾರ ಅಂದಮೇಲೆ ಕೋಟು ಬಿಡಲಾದೀತೇ ಎಂಬುದು ಅವನ ವಾದ. ಈ ಕಥೆ ನಡೆದ ವಾರದಲ್ಲಿ ಮಾತ್ರ ಅವನ ಬೆವರಿಗೆ ಬಿಸಿಲೊಂದೇ ಕಾರಣವಾಗಿರಲಿಲ್ಲ. ಅವನ ಮಗಳು ಅಮೂಲ್ಯಳನ್ನು ನೋಡಿಕೊಂಡು ಹೋದ ಮದ್ದಿಕೇರದ ಗಂಡಿನ ಕಡೆಯವರು ಸೋಮವಾರ ಹೇಳುತ್ತೇವೆ ಎಂದಿದ್ದರು. ಆ ಸೋಮವಾರ ಕಳೆದು ಹನ್ನೊಂದು ದಿನವಾಗಿತ್ತು.

ಹಾಲಸ್ವಾಮಿ ಹುಟ್ಟಾ ಪತ್ತೇದಾರನೇನಲ್ಲ. ಇಪ್ಪತ್ತನಾಲ್ಕು ವರ್ಷ ಊರಿನ ಒಂದು ಟಾಕೀಸಿನಲ್ಲಿ ಪಿಕ್ಚರ್ ಓಡಿಸುವ ಆಪರೇಟರ್ ಆಗಿದ್ದ. ಭಾನುವಾರದ ಬೆಳಗಿನ ಆಟಕ್ಕೆ ಅಲ್ಲಿ ಹಳೆಯ ಇಂಗ್ಲಿಷ್ ಪತ್ತೇದಾರಿ ಚಿತ್ರಗಳು ಬರುತ್ತಿದ್ದವು, ಕಪ್ಪು ಬಿಳುಪಿನವು. ನೋಡಲು ಬರುತ್ತಿದ್ದವರು ಹತ್ತು ಜನ. ಅವರಲ್ಲಿ ಆರು ಮಂದಿ ಫ್ಯಾನಿನ ಕೆಳಗೆ ಮಲಗಲು ಬಂದವರು. ಒಂದು ಗೇಣಗಲದ ಕಿಂಡಿಯಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದವನು ಹಾಲಸ್ವಾಮಿ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಂದಿದ್ದರೂ ಮಷಿನ್ನಿನ ಗದ್ದಲದಲ್ಲಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಟೊಪ್ಪಿಗೆಯ ಮನುಷ್ಯ ದೀಪದ ಕಂಬದ ಕೆಳಗೆ ನಿಲ್ಲುತ್ತಾನೆ, ಎದುರು ಮನೆಯ ಕಿಟಕಿ ನೋಡುತ್ತಾನೆ, ಹೊಗೆ ಬಿಡುತ್ತಾನೆ; ಅಷ್ಟರಲ್ಲಿ ಅವನಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಪತ್ತೇದಾರಿಕೆ ಅಂದರೆ ಇಷ್ಟೇ, ದೂರ ನಿಂತು ನೋಡುವುದು ಮತ್ತು ತಿಳಿದುಕೊಳ್ಳುವುದು ಎಂದು ಹಾಲಸ್ವಾಮಿ ಇಪ್ಪತ್ತನಾಲ್ಕು ವರ್ಷ ಕಲಿತ. ಆ ಮನುಷ್ಯ ನಡುವೆ ಬಾಯಿ ಅಲ್ಲಾಡಿಸುತ್ತಿದ್ದುದನ್ನು ಅವನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಟಾಕೀಸು ಮುಚ್ಚಿತು. ಮಾಲೀಕರು ಕುರ್ಚಿ ಕಿತ್ತು ನೆಲಕ್ಕೆ ಕಲ್ಲು ಹಾಕಿಸಿ ಕಲ್ಯಾಣ ಮಂಟಪ ಮಾಡಿದರು. ಹಳೆಯ ನೌಕರನೆಂಬ ಮರ್ಯಾದೆಗೆ ಟಿಕೆಟ್ ಕೊಡುತ್ತಿದ್ದ ಗೂಡನ್ನು ಹಾಲಸ್ವಾಮಿಗೆ ಬಿಟ್ಟರು. ಅದೇ ಅವನ ಆಫೀಸು. ತಗಡಿನ ಬೋರ್ಡಿನ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ‘ಹಾಲಸ್ವಾಮಿ, ಖಾಸಗಿ ಪತ್ತೇದಾರ’ ಎಂದು ಬರೆಸಿದ. ಮಧ್ಯಾಹ್ನದ ಬಿಸಿಲು ಸರಳುಗಳ ನಡುವಿನಿಂದ ಅವನ ಮೇಜಿನ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತಿತ್ತು. ಚಿತ್ರಗಳಲ್ಲಿ ಇದ್ದದ್ದೂ ಇದೇ ಬಿಸಿಲು ಎಂದು ಅವನಿಗೆ ಬಲು ಹೆಮ್ಮೆ. ಬಂದವರು ಮಾತ್ರ ಟಿಕೆಟ್ ಕಿಂಡಿಗೆ ಬಾಗಿ ಮಾತಾಡಬೇಕಾಗಿತ್ತು. ಸೊಂಟನೋವಿನ ಮುದುಕಿಯರು ಬಯ್ಯುತ್ತಲೇ ಬಾಗುತ್ತಿದ್ದರು.

ಕೆಲಸಕ್ಕೇನೂ ಕೊರತೆ ಇರಲಿಲ್ಲ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ, ತರುವ ಮುಂಚೆ, ಆ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ವಾಡಿಕೆ. ಮೊದಲು ಅದನ್ನು ಚಿಕ್ಕಪ್ಪಂದಿರು ಬೀಡಿ ಸೇದುತ್ತಾ ಮಾಡುತ್ತಿದ್ದರು. ಈಗ ಅವರಿಗೆ ಪುರುಸೊತ್ತಿಲ್ಲ. ಹುಡುಗ ಕುಡಿಯುತ್ತಾನಾ, ಅತ್ತೆ ಗಯ್ಯಾಳಿಯಾ, ಹುಡುಗಿಯ ಮನಸ್ಸು ಇನ್ನೆಲ್ಲಾದರೂ ಇದೆಯಾ ಎಂದು ನೋಡಿ ಬರಲು ಹಾಲಸ್ವಾಮಿ ಹೋಗುತ್ತಿದ್ದ. ಪತ್ರಿಕೆಯಲ್ಲಿ ಎರಡು ತೂತು ಮಾಡಿ ಅದರ ಹಿಂದೆ ಕೂರುತ್ತಿದ್ದ. ಚಹಾದಂಗಡಿಯ ಉರುಕುಂದ ಪ್ರತಿ ಸಲವೂ ಜಗಳ ತೆಗೆಯುತ್ತಿದ್ದ: “ಏಂ ಸ್ವಾಮಿ, ದಿನಾ ನನ್ನ ಪೇಪರಿಗೆ ತೂತು ಮಾಡ್ತೀರಲ್ಲ. ಉಳಿದೋರು ಏನು ಓದಬೇಕು? ಇವತ್ತು ಯಾರ ಮನಿ ಕೇಸು, ಅದನ್ನರ ಹೇಳ್ರಿ.”

ಗುಟ್ಟು ಎಂಬುದು ಅವನ ಕಸುಬಿನಲ್ಲಿ ಅಷ್ಟರ ಮಟ್ಟಿಗೆ ಇತ್ತು. ಮಳೆಕೋಟು ಓಣಿಯ ತುದಿಯಲ್ಲಿ ಕಂಡರೆ ಸಾಕು, ಜನ ತಾವೇ ಕರೆದು ಪಕ್ಕದ ಮನೆಯ ಪುರಾಣ ಒಪ್ಪಿಸುತ್ತಿದ್ದರು. ಅವನ ಎಷ್ಟೋ ರಿಪೋರ್ಟುಗಳು ಸರಿಬಂದದ್ದು ಹಾಗೆಯೇ. ಅವನು ಮಾತ್ರ ಅದನ್ನೆಲ್ಲ ತನ್ನ ನೋಟದ ಬಲ ಎಂದುಕೊಂಡಿದ್ದ.

ರಿಪೋರ್ಟು ಬರೆಯುವುದರಲ್ಲಿ ಅವನ ಜೀವ ಇತ್ತು. ಇದ್ದುದನ್ನು ಇದ್ದ ಹಾಗೆ ಬರೆದರೆ ಅವನಿಗೆ ಊಟಕ್ಕೆ ಉಪ್ಪಿಲ್ಲದಂತೆ. ‘ಗಾಳಿ ಬಿಸಿಯಾಗಿತ್ತು. ಬಾಗಿಲು ಅರ್ಧ ತೆರೆದಿತ್ತು’ ಎಂದು ಶುರುಮಾಡುತ್ತಿದ್ದ. ಕೊನೆಗೆ ಸಹಿಯ ಜಾಗದಲ್ಲಿ ಒಂದು ಸಣ್ಣ ಟೊಪ್ಪಿಗೆಯ ಚಿತ್ರ. ಕಾರ್ಬನ್ ಪ್ರತಿಗಳನ್ನು ಹಳೆಯ ರೀಲಿನ ತಗಡು ಡಬ್ಬಿಗಳಲ್ಲಿ ಇಡುತ್ತಿದ್ದ. ರಿಪೋರ್ಟು ಕೊಟ್ಟ ಮೇಲೆ ಆ ಮನೆಯವರು ಏನಾದರೆಂದು ತಿರುಗಿ ನೋಡಿದವನಲ್ಲ. ಪರದೆಯ ಮೇಲೆ ಶುಭಂ ಬಂದಮೇಲೆ ಆಪರೇಟರ್ ರೀಲು ಹಿಂದಕ್ಕೆ ಸುತ್ತುತ್ತಾನೆ. ಚಿತ್ರದೊಳಗಿನವರು ಆಮೇಲೆ ಮನೆಗೆ ಹೋಗಿ ಉಂಡರೋ ಬಿಟ್ಟರೋ, ಅವನಿಗೇಕೆ?

ಮಗಳ ವಿಷಯಕ್ಕೆ ಬಂದಾಗ ಈ ಕಸುಬು ಅವನ ಕೊರಳಿಗೇ ಸುತ್ತಿಕೊಂಡಿತು. ಅಮೂಲ್ಯಳಿಗೆ ಇಪ್ಪತ್ತಾರು. ವಾರ್ಡಿನ ಸಚಿವಾಲಯವೆಂಬ ಸರ್ಕಾರಿ ಕಚೇರಿಯಲ್ಲಿ ಕೆಲಸ, ತೂಕದ ಮಾತು, ಯಾರಿಗೂ ಎದುರಾಡದ ಹುಡುಗಿ. ಬಂದ ಎರಡು ಸಂಬಂಧಗಳು ಒಂದೇ ಮಾತು ಹೇಳಿ ಹಿಂದೆ ಸರಿದಿದ್ದವು: ಪತ್ತೇದಾರನ ಮನೆಯ ಬೀಗತನ ಯಾರಿಗೆ ಬೇಕು, ನಾಳೆ ನಮ್ಮ ಮನೆಯ ಗಡಿಗೆಯನ್ನೂ ಇಣುಕಿ ನೋಡಿಯಾನು. ಮೂರನೆಯದು ಈ ಮದ್ದಿಕೇರದ ಉದಯಕುಮಾರ್. ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಹಾಲಸ್ವಾಮಿ ಅವನ ಹಿಂದೆ ಮೂರು ದಿನ ತಿರುಗಿ ಎಲ್ಲ ಸರಿ ಇದೆ ಎಂದು ತನಗೆ ತಾನೇ ರಿಪೋರ್ಟು ಕೊಟ್ಟುಕೊಂಡಿದ್ದ. ಅದರಲ್ಲಿ ಒಂದು ಸಾಲು, ‘ಹುಡುಗನ ಅಕ್ಕನನ್ನು ಆಲೂರಿಗೆ, ಸಂಬಂಧದಲ್ಲೇ ಕೊಟ್ಟಿದ್ದಾರೆ. ಒಳ್ಳೆಯ ಲಕ್ಷಣ.’

ಹುಡುಗ ನೋಡಿ ಹೋದ ದಿನ ಅಮೂಲ್ಯ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ನಕ್ಕಿದ್ದನ್ನು ಹಾಲಸ್ವಾಮಿ ಕಂಡಿದ್ದ. ಈಗ ಅವಳು ನಗುತ್ತಿರಲಿಲ್ಲ. ಫೋನನ್ನು ಬೋರಲು ಇಡುತ್ತಿದ್ದಳು. ಸದ್ದಾದಾಗ ಮೂರು ಎಣಿಸುವಷ್ಟು ತಡೆದು ಆಮೇಲೆ ತೆಗೆಯುತ್ತಿದ್ದಳು. ಮದ್ದಿಕೇರದಿಂದ ಸುದ್ದಿ ಬಂತಾ ಅಪ್ಪಾ ಎಂದು ಒಂದು ಸಲ ಕೇಳಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಕೇಳಲೇ ಇಲ್ಲ. ಕೇಳಿದವಳು ಹೆಂಡತಿ ಬಸವಕ್ಕ.

“ಫೋನ್ ಮಾಡಿ ಕೇಳ್ರಿ.”

“ಹೆಣ್ಣಿನ ಕಡೆಯೋರು ನಾವ ಮೇಲ್ಬಿದ್ದು ಹೆಂಗ ಕೇಳೋದು?”

“ಹಂಗಾದ್ರ ಕೋಟು ಹಾಕ್ಕೊಂಡು ಕುಂದರ್ರಿ. ಊರಾಗಿನ ಎಲ್ಲಾರ ಮನಿ ಇಣುಕಿದ್ರಿ. ಈಗ ನಮ್ಮ ಮನಿ ಯಾರು ಇಣುಕ್ಯಾರೋ ಏನೋ.”

ಬಸವಕ್ಕ ಸಿಟ್ಟಿಗೆ ಆಡಿದ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮರುದಿನದಿಂದ ಅವನಿಗೆ ಬೆನ್ನ ಹಿಂದೆ ಕಣ್ಣುಗಳಿವೆ ಎನಿಸತೊಡಗಿತು. ಭ್ರಮೆ ಎಂದುಕೊಂಡ. ಆದರೆ ಎರಡು ದಿನದಲ್ಲಿ ಅದೇ ಹೆಂಗಸು ನಾಲ್ಕು ಸಲ ಕಣ್ಣಿಗೆ ಬಿದ್ದಳು. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಿಗೆ ಹಳೇ ಬಟ್ಟೆಯ ಗಂಟು. ಹಳೇ ಬಟ್ಟೆ ಕೊಂಡು ಪಾತ್ರೆ ಕೊಡುವವರು ಊರಲ್ಲಿ ಎಷ್ಟೋ ಜನ. ಆದರೆ ಪಾತ್ರೆ ಮಾರುವವಳು ಮನೆಗಳಿರುವ ಓಣಿ ಬಿಟ್ಟು ಗಂಡಸರೇ ತುಂಬಿದ ಹತ್ತಿ ಮಾರುಕಟ್ಟೆಯ ಯಾರ್ಡಿಗೆ ಅವನ ಹಿಂದೆಯೇ ಯಾಕೆ ಬಂದಳು? ಹನ್ನೆರಡು ವರ್ಷ ಬೇರೆಯವರ ಹಿಂದೆ ಬಿದ್ದವನ ಹಿಂದೆ ಈಗ ಒಬ್ಬಳು ಬಿದ್ದಿದ್ದಾಳೆ.

ಚಿತ್ರಗಳಲ್ಲಿ ಇಂಥ ಹೊತ್ತಿಗೆ ಏನು ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಕೋಟಿನ ಕಾಲರು ಎತ್ತಿದ. ಸೀದಾ ನಡೆದು ತಟ್ಟನೆ ತಿರುವಿನಲ್ಲಿ ಹೊಕ್ಕ. ಹತ್ತಿ ತುಂಬಿದ ದೊಡ್ಡ ಚೀಲಗಳ, ಬೋರೆಗಳ, ಸಾಲಿನ ಹಿಂದೆ ಸುತ್ತಿ ಅವಳ ಬೆನ್ನಿಗೆ ಬರುವುದು ಅವನ ಹೂಟ. ಅವನು ಸುತ್ತುವಷ್ಟರಲ್ಲಿ ಅವಳೂ ಸುತ್ತಿದ್ದಳು. ಬೋರೆಗಳ ಈ ತುದಿಯಲ್ಲಿ ಟೊಪ್ಪಿಗೆ, ಆ ತುದಿಯಲ್ಲಿ ಬುಟ್ಟಿ, ಮೂರು ಸುತ್ತು. ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಾ ನಿಂತರು. ಒಬ್ಬ ಹಮಾಲ ಕೈ ತೋರಿಸಿ, “ಸ್ವಾಮ್ಯಾರ, ಆಕಿ ಈ ಕಡಿ ಅದಾಳ ನೋಡ್ರಿ” ಎಂದ. ಅದೇ ಹಮಾಲ ಆ ಕಡೆ ತಿರುಗಿ ಅವಳಿಗೂ ದಾರಿ ಹೇಳಿದ.

ಉಬ್ಬಸ ತಾಳದೆ ಹಾಲಸ್ವಾಮಿ ಉರುಕುಂದನ ಅಂಗಡಿಯ ಬೆಂಚಿನ ಮೇಲೆ ಕುಸಿದ. ಒಂದು ನಿಮಿಷದಲ್ಲಿ ಬುಟ್ಟಿಯೂ ಬಂದು ಪಕ್ಕದಲ್ಲಿ ಇಳಿಯಿತು.

“ಎಷ್ಟು ತಿರುಗಿಸ್ತೀರಿ ಸ್ವಾಮ್ಯಾರ, ಕಾಲು ಬಿದ್ದುಹೋದುವು” ಎಂದಳು ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. “ಉರುಕುಂದಣ್ಣಾ, ಎರಡು ಚಹಾ ಹಾಕು. ನನ್ನ ಹೆಸರು ಪೀರಮ್ಮ ಅಂತ್ರಿ. ಆಲೂರಾಕಿ.”

“ನನ್ನ ಹಿಂದ ಯಾಕ ಬಿದ್ದೀಯವ್ವಾ?”

“ನಿಮ್ಮ ಬಗ್ಗಿ ವಿಚಾರಿಸಾಕ ಬಂದೀನಿ. ಅಲ್ಲಿ ಇಲ್ಲಿ ಕೇಳಿ ಆತು. ಇನ್ನ ನಿಮ್ಮನ್ನ ಕೇಳಿದ್ರ ಮುಗೀತೈತಿ ಅಂತ ಬಂದ್ರ, ನೀವು ಓಡಾಕತ್ತೀರಿ.”

ಹಾಲಸ್ವಾಮಿಗೆ ಅವಮಾನಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಪತ್ತೇದಾರಳು ಎದುರಿಗೇ ಬಂದು ಕೂತು ಕೇಳುತ್ತಿದ್ದಾಳೆ. ಹೀಗೂ ಮಾಡಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

“ನಮ್ಮ ಓಣಿಗೂ ಬಂದಿದ್ದಿ ಏನು?”

“ನಿಮ್ಮ ಮನಿಗೇ ಬಂದಿದ್ನಲ್ಲ. ಬಸವಕ್ಕ ನಿಮ್ಮ ಎರಡು ಹಳೇ ಅಂಗಿ, ಒಂದು ಲುಂಗಿ ಕೊಟ್ಟು ಡಬ್ಬಿ ತಗೊಂಡಾರ. ಹಳೇ ಬಟ್ಟಿ ಕೊಡಾಕ ಕುಂತ ಹೆಂಗಸು ಮನ್ಯಾಗಿನ ಮಾತೂ ಕೊಡ್ತಾಳ್ರಿ. ನಾ ಏನೂ ಕೇಳಂಗಿಲ್ಲ. ಸುಮ್ಮನ ಅಂಗಿ ಹರಿದಿದ್ದು ನೋಡ್ತಾ ಕುಂದ್ರತೀನಿ.”

ಆ ಹೊಸ ಡಬ್ಬಿಯಲ್ಲಿ ಬಸವಕ್ಕ ಚಟ್ನಿಪುಡಿ ತುಂಬಿಟ್ಟಿದ್ದು ಅವನಿಗೆ ನೆನಪಾಯಿತು. ಬೆಳಿಗ್ಗೆ ಅದರಿಂದಲೇ ಉಂಡು ಬಂದಿದ್ದ.

“ಮದ್ದಿಕೇರದೋರು ಕಳಿಸ್ಯಾರೇನು? ನನ್ನ ಮಗಳ ಬಗ್ಗಿ ಏನು ಸಿಕ್ತು?”

“ಮಗಳ ಬಗ್ಗಿ ಕೇಳು ಅಂದಿಲ್ಲರಿ. ಹುಡುಗಿ ಬಂಗಾರ ಅಂತ ಅವರಿಗೆ ಆಗಲೇ ಗೊತ್ತೈತಿ. ಹುಡುಗನ ಅಕ್ಕ, ಆಲೂರಿನ ನಾಗಜ್ಯೋತಮ್ಮ, ಅವರು ನನ್ನ ಕಳಿಸ್ಯಾರ. ಅವರು ಹೂಂ ಅಂದ್ರ ಮಾತ್ರ ಮದುವಿ ಅಂತ ಹುಡುಗ ಹಟ ಹಿಡಿದಾನ.” ಪೀರಮ್ಮ ಬಸಿಯಲ್ಲಿ ಚಹಾ ಹೊಯ್ದು ಊದಿದಳು. “ನನಗ ಹೇಳಿದ್ದು ಒಂದ ಮಾತು. ಆ ಟೊಪ್ಪಿಗಿ ಮನುಷ್ಯ ತಪ್ಪು ಮಾಡಿದ್ರ ಒಪ್ಕೊಳ್ಳೋ ಪೈಕಿ ಏನು, ಕೇಳಿ ಬಾ ಅಂತ. ಹದಿನಾಕು ಮನಿ ಕೇಳಿದೆ. ಯಾರಿಗೂ ಗೊತ್ತಿಲ್ಲರಿ. ನಿಮಗ ಗೊತ್ತೈತೇನು?”

ಹಾಲಸ್ವಾಮಿಯ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ನಾಗಜ್ಯೋತಿ ಎಂಬ ಹೆಸರು ಎಲ್ಲೋ ಕೇಳಿದಂತಿತ್ತು. ಎಲ್ಲಿ ಎಂದು ನೆನಪಾಗಲಿಲ್ಲ. ನೆನಪಾಗದಿರುವುದೇ ಒಳ್ಳೆಯದು ಎಂದು ಒಳಗಿನಿಂದ ಯಾರೋ ಹೇಳಿದರು.

ಆಫೀಸಿಗೆ ಬಂದು ರೀಲಿನ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದ. ಒಂಬತ್ತು ವರ್ಷದ ಹಿಂದಿನ ಡಬ್ಬಿಯಲ್ಲಿ ಕಾಗದ ಸಿಕ್ಕಿತು. ಆದೋನಿಯ ಒಬ್ಬ ಹತ್ತಿ ವ್ಯಾಪಾರಿ ತನ್ನ ಮಗನಿಗೆ ದೇವನಕೊಂಡದ ಹುಡುಗಿಯನ್ನು ಗೊತ್ತುಮಾಡಿ, ಲಗ್ನಪತ್ರಿಕೆ ಅಚ್ಚಾಗುವ ಮುಂಚೆ ಒಂದು ಸಲ ವಿಚಾರಿಸು ಎಂದಿದ್ದ. ಹುಡುಗಿಯ ಹೆಸರು ನಾಗಜ್ಯೋತಿ. ಆಗ ಅವಳ ತವರು ದೇವನಕೊಂಡದಲ್ಲಿತ್ತು. ಆಮೇಲೆ ಅವರು ಮದ್ದಿಕೇರಕ್ಕೆ ಹೋದದ್ದು ಹಾಲಸ್ವಾಮಿಗೆ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಸರಳುಗಳ ಬಿಸಿಲಿನ ಪಟ್ಟೆಯಲ್ಲಿ ಹಿಡಿದು ಓದಿದ. ‘ಆಲೂರು. ಮಧ್ಯಾಹ್ನ ಮೂರು ಗಂಟೆ. ಗಾಳಿ ಬಿಸಿಯಾಗಿತ್ತು. ಹುಡುಗಿ ತನ್ನ ಸೋದರಮಾವನ ಸ್ಕೂಟರಿನಿಂದ ಇಳಿದಳು. ಸೋದರಮಾವನಿಗೆ ಇನ್ನೂ ಮದುವೆಯಿಲ್ಲ. ಅವನ ಕಂಕುಳಲ್ಲಿ ಹೊಸ ಸೀರೆಯ ಪೊಟ್ಟಣ. ಬಳೆ ಅಂಗಡಿಯಲ್ಲಿ ಅವನೇ ಅವಳ ಕೈಗೆ ಹಸಿರು ಬಳೆ ಅಳತೆ ನೋಡಿದ. ಹುಡುಗಿ ನಕ್ಕಳು. ಆ ಬಳೆಯ ಸದ್ದಿನಲ್ಲಿ ಒಂದು ಗುಟ್ಟಿತ್ತು.’ ಕೆಳಗೆ ಟೊಪ್ಪಿಗೆಯ ಚಿತ್ರ.

ಬೇರೆ ಸೀಮೆಯವನು ಅದನ್ನು ನೋಡಿದ್ದರೆ ಮಾವ ಅಕ್ಕನ ಮಗಳಿಗೆ ಬಳೆ ಕೊಡಿಸುತ್ತಿದ್ದಾನೆ ಎಂದು ಮುಂದೆ ಹೋಗುತ್ತಿದ್ದ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಮದುವೆಯಾಗದ ಮಾವ, ಹೊಸ ಸೀರೆ, ಹಸಿರು ಬಳೆ, ಹುಡುಗಿಯ ನಗು. ಇಷ್ಟು ಕಂಡರೆ ನಮ್ಮವನಿಗೆ ಲೆಕ್ಕ ತಾನಾಗಿಯೇ ಕೂಡಿಬಿಡುತ್ತದೆ. ಹಾಲಸ್ವಾಮಿಗೂ ಕೂಡಿತ್ತು. ಆದರೆ ಅದೇ ಸೋದರಮಾವನಿಗೆ ಇನ್ನೊಂದು ಕೆಲಸವೂ ಇದೆ. ಅಕ್ಕನ ಮಗಳು ಬೇರೆ ಯಾರನ್ನು ಮದುವೆಯಾದರೂ ಅವಳ ಸೀರೆ, ಬಳೆ ಸೋದರಮಾವನದೇ, ಕೈಹಿಡಿದು ಮಂಟಪಕ್ಕೆ ಕರೆತರುವವನೂ ಅವನೇ. ಬಳೆಗಾರನನ್ನು ಒಂದು ಮಾತು ಕೇಳಿದ್ದರೆ, ಗೊತ್ತಾದ ಮದುವೆಗೇ ಮಾವ ಬಳೆ ಕೊಡಿಸುತ್ತಿದ್ದಾನೆ ಎಂದು ಅವನು ಹೇಳುತ್ತಿದ್ದ. ಹಾಲಸ್ವಾಮಿ ಕೇಳಲಿಲ್ಲ, ರಸ್ತೆಯ ಈಚೆ ಕಂಬಕ್ಕೆ ಒರಗಿ ನೋಡಿದ. ಆ ಕೊನೆಯ ಸಾಲು ಬರೆದ ದಿನ ಎಷ್ಟು ಖುಷಿಯಾಗಿತ್ತೆಂದು ಅವನಿಗೆ ಈಗಲೂ ನೆನಪಿತ್ತು. ಮನೆಗೆ ಹೋಗಿ ಬಸವಕ್ಕನಿಗೆ ಎರಡು ಸಲ ಓದಿ ತೋರಿಸಿದ್ದ.

ಕಾಗದ ಹರಿದುಹಾಕಿದರೆ ಆಯಿತು ಎಂಬ ಯೋಚನೆ ಬಂತು. ಬರೆದವನು ನಾನಲ್ಲ ಎನ್ನಬಹುದು. ಮಗಳ ಮದುವೆಗಿಂತ ದೊಡ್ಡದೇನಿದೆ? ಆದರೆ ಟೊಪ್ಪಿಗೆಯ ಸಹಿ ಈ ಸೀಮೆಯಲ್ಲಿ ಇನ್ನಾರದು? ಒಪ್ಪಿಕೊಂಡರೆ ಅಮೂಲ್ಯಳ ಸಂಬಂಧ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೂ ಹೋಗುತ್ತದೆ. ಮನೆಗೆ ಹೋದಾಗ ಅಮೂಲ್ಯ ತಟ್ಟೆ ಹಾಕಿದಳು, ಮುಖ ನೋಡಿದಳು. ಅವನು ಎರಡು ತುತ್ತು ತಿಂದು ಎದ್ದ.

ಮರುದಿನ ಬೆಳಗಿನ ಬಸ್ಸಿಗೆ ಆಲೂರಿಗೆ ಹೊರಟ. ಕಾರ್ಬನ್ ಪ್ರತಿ ಕೋಟಿನ ಒಳಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ. ‘ಅಮ್ಮಾ, ಈ ಕಸುಬಿನಲ್ಲಿ ನೆರಳಿಗೂ ಬೆಳಕಿಗೂ...’ ಎಂದು ಒಂದು ಮಾತು ಚೆನ್ನಾಗಿ ಕೂಡಿಬಂತು. ಕೂಡಿಬಂದದ್ದೇ ತಡ, ಅದೂ ಪಿಕ್ಚರಿನ ಮಾತೇ ಎಂದು ತಿಳಿದು ನಾಚಿಕೆಯಾಯಿತು. ಹೋದ ವರ್ಷ ಅಮೂಲ್ಯ ಫೋನಿನಲ್ಲಿ ಅಂಥದೇ ಒಂದು ಹಳೆಯ ಚಿತ್ರ ಹಾಕಿಕೊಟ್ಟಿದ್ದಳು, ಕೆಳಗೆ ತೆಲುಗಿನಲ್ಲಿ ಮಾತುಗಳು ಬರುತ್ತಿದ್ದವು. ಟೊಪ್ಪಿಗೆಯ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಪ್ರಶ್ನೆಗಳನ್ನೇ ಕೇಳುತ್ತಿದ್ದ. ಬಾಗಿಲ ಕಾಯುವವನನ್ನು, ಹೋಟೆಲಿನವಳನ್ನು, ಸತ್ತವನ ತಂಗಿಯನ್ನು ಬಿಡದೆ ಕೇಳುತ್ತಿದ್ದ. ಕಣ್ಣು ಉರಿಯುತ್ತದೆ ಎಂದು ಹೇಳಿ ಹಾಲಸ್ವಾಮಿ ಅರ್ಧಕ್ಕೇ ಫೋನು ವಾಪಸು ಕೊಟ್ಟಿದ್ದ.

ನಾಗಜ್ಯೋತಿಯ ಮನೆ ಬಜಾರಿನ ಹಿಂದಿನ ಓಣಿಯಲ್ಲಿತ್ತು. ಪೀರಮ್ಮ ಕಟ್ಟೆಯ ಮೇಲೆ ಕೂತು ಹಳೇ ಬಟ್ಟೆ ಬೇರ್ಪಡಿಸುತ್ತಿದ್ದಳು. ಅವನನ್ನು ಕಂಡು, “ಬಂದ್ರಾ? ಬರ್ತೀರಿ ಅಂತ ಹೇಳಿದ್ದೆ” ಎಂದು ಒಳಗೆ ಕೂಗಿದಳು. ಹಾಲಸ್ವಾಮಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

ಒಳಗಿನಿಂದ ಬಂದವಳಿಗೆ ಮೂವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದೊಂದೇ ಬಂಗಾರದ ಬಳೆ, ಗಾಜಿನ ಬಳೆ ಇರಲಿಲ್ಲ. ಅವಳು ಕುಂದರ್ರಿ ಎಂದಳು. ಅವನು ಕೂರಲಿಲ್ಲ. ಜೇಬಿನಿಂದ ಕಾಗದ ತೆಗೆದು ಮುಂದೆ ಹಿಡಿದ.

“ಇದನ್ನ ಬರದಾಂವ ನಾನವ್ವಾ. ನಾ ಯಾರನ್ನೂ ಕೇಳಲಿಲ್ಲ. ಕಂಡಿದ್ದು ಒಂದು, ಬರದಿದ್ದು ಒಂದು. ತಪ್ಪಾತು.”

ಬಾಯಿಪಾಠ ಮಾಡಿದ್ದರಲ್ಲಿ ಒಂದು ಅಕ್ಷರವೂ ಬಾಯಿಗೆ ಬಂದಿರಲಿಲ್ಲ.

ನಾಗಜ್ಯೋತಿ ಕಾಗದ ಕೈಗೆ ತೆಗೆದುಕೊಳ್ಳಲಿಲ್ಲ. “ನನ್ನ ಹತ್ರಾನೂ ಒಂದು ಐತ್ರಿ. ಸಂಬಂಧ ಬ್ಯಾಡ ಅಂದೋರು, ಯಾಕ ಅಂತ ಅಪ್ಪ ಕೇಳಿದ್ದಕ್ಕ ಅದನ್ನ ಕಳಿಸಿದ್ರು. ‘ಆ ಬಳೆಯ ಸದ್ದಿನಲ್ಲಿ ಒಂದು ಗುಟ್ಟಿತ್ತು.’ ಬಾಯಿಗೆ ಬರತೈತಿ ನನಗ.” ದನಿ ಏರಿಸದೆಯೇ ಹೇಳಿದಳು. “ಆಮ್ಯಾಲೆ ಯಾರೂ ಬರಲಿಲ್ರಿ. ಬಂದೋರೆಲ್ಲ ಆಕಿಗೂ ಮಾವಗೂ ಮದುವಿ ಗೊತ್ತಾಗೈತಂತಲ್ಲ ಅಂತ ಕೇಳೋರು. ಎರಡು ವರ್ಷ ನೋಡಿ ಮಾವಾನೇ ನನ್ನ ಮಾಡ್ಕೊಂಡ್ರು, ಅಕ್ಕನ ಮಗಳು ಮನ್ಯಾಗ ಉಳಿಬಾರದು ಅಂತ. ನೀವು ಬರದಿದ್ದು ಖರೇ ಆತು.”

“ಅವರು ನಿನ್ನ ಚಲೋ ನೋಡ್ಕೊಂತಾರೇನವ್ವಾ?” ಎಂದು ಕೇಳಿದ ಹಾಲಸ್ವಾಮಿ.

“ಒಳ್ಳೇರು. ನನಗ ಏನೂ ಕಡಿಮಿ ಮಾಡಿಲ್ಲ. ಬ್ಯಾರೆ ಯಾರನ್ನೋ ಮಾಡ್ಕೋಬೇಕು ಅಂತಿದ್ರು ಅವರೂ, ಅದನ್ನ ಬಿಟ್ರು.” ಅವಳು ಹೊಸ್ತಿಲ ಮೇಲೆ ಕೂತಳು. “ಮದುವಿ ದಿನ ಅಯ್ಯನೋರು ಕೂಗಿದ್ರು. ಸೋದರಮಾವ ಯಾರಪ್ಪಾ, ಹುಡುಗೀನ ಕರಕೊಂಡು ಬಾ ಅಂತ. ಎಲ್ಲಾರೂ ಹಸಿಮಣಿ ಕಡಿ ನೋಡಿದ್ರು. ಬಾಸಿಂಗ ಕಟ್ಕೊಂಡು ಕುಂತಿದ್ರು ಅವರು. ಎದ್ದು ಬರಾಕ ಹೋದ್ರು, ಯಾರೋ ಹಿಡಿದು ಕುಂದರಿಸಿದ್ರು. ನನಗ ಇದ್ದಾಂವ ಅವನೊಬ್ಬನ ಮಾವ. ನಾ ಒಬ್ಬಾಕಿನ ನಡಕೊಂಡು ಬಂದೆ.”

ಹೊರಗೆ ಪೀರಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದಳು. ಐವತ್ತೆಂಟು ವರ್ಷದಲ್ಲಿ ಹಾಲಸ್ವಾಮಿ ತನ್ನನ್ನು ಇಷ್ಟು ಕೀಳಾಗಿ ಕಂಡುಕೊಂಡಿರಲಿಲ್ಲ. ಮಗಳ ಸಂಬಂಧ ಕೈಬಿಟ್ಟಿತು ಎಂದು ಖಾತ್ರಿಯಾಯಿತು. ಇವಳು ಬೇಡ ಅಂದರೆ ಅದು ನ್ಯಾಯವೇ ಎಂದೂ ಅನಿಸಿತು. ಆದರೂ ತಂದೆಯ ಹೊಟ್ಟೆ ಕೇಳಲಿಲ್ಲ.

“ನನ್ನ ಏನರ ಅನ್ನವ್ವಾ. ನನ್ನ ಮಗಳು ಈ ಕಾಗದ ನೋಡಿದಾಕಿ ಅಲ್ಲ. ಆಕಿದೇನೂ ತಪ್ಪಿಲ್ಲ.”

ನಾಗಜ್ಯೋತಿ ಅವನನ್ನು ಒಂದು ಗಳಿಗೆ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು, ಮುಚ್ಚಿಟ್ಟ ಹಳೆಯ ಸಿಟ್ಟು.

“ಹುಡುಗಿ ಅಪ್ಪ ಆ ಟೊಪ್ಪಿಗಿ ಪತ್ತೇದಾರ ಅಂತ ತಿಳಿದ ದಿನ ಉದಯಗ ಬ್ಯಾಡ ಅಂತ ಹೇಳಾಕ ಫೋನ್ ತಗೊಂಡಿದ್ದೆ. ಎರಡು ವಾರ ತಗೊಂಡೆ, ಇಟ್ಟೆ. ಒಬ್ಬರು ಬರದ ಚೀಟಿಗೆ ಒಂದು ಹುಡುಗಿ ಸಂಬಂಧ ಮುರೀಬಾರದ್ರಿ. ಅದು ನನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ನೀವು ಬಂದು ಒಪ್ಕೊಳ್ಳದಿದ್ರೂ ನಾ ಹೂಂ ಅಂತಿದ್ದೆ. ಬಂದ್ರಿ, ಚಲೋ ಆತು.” ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದಳು. “ಒಂದು ಕೆಲಸ ಮಾಡ್ರಿ. ಆ ದಿನ ನೀವು ಕಣ್ಣಿಂದ ಏನು ನೋಡಿದ್ರಿ, ಅಷ್ಟ ಬರೀರಿ. ಅವರಿಗೆ ತೋರಸ್ತೀನಿ. ಒಂಬತ್ತು ವರ್ಷ ಆತು, ಬಳೆ ಅಂಗಡಿ ಮುಂದ ನನ್ನ ಜೊತಿ ನಿಂದರಂಗಿಲ್ಲ ಅವರು.”

ಹಾಲಸ್ವಾಮಿ ಕೋಟು ತೆಗೆದಿಟ್ಟು ಕೂತ. ನೂರಾರು ರಿಪೋರ್ಟು ಬರೆದವನಿಗೆ ಮೂರು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ಗಾಳಿ ಬಿಸಿಯಾಗಿತ್ತೆಂದು ಬರೆದು ಹೊಡೆದುಹಾಕಿದ. ಕೊನೆಗೆ ಉಳಿದದ್ದು ಇಷ್ಟು: ‘ನಾಗಜ್ಯೋತಿ ತನ್ನ ಸೋದರಮಾವ ಗುರುಪಾದಯ್ಯನ ಜೊತೆ ಬಳೆ ಅಂಗಡಿಗೆ ಬಂದಿದ್ದಳು. ಸೋದರಮಾವ ಅವಳಿಗೆ ಬಳೆ ಕೊಡಿಸಿದ. ಇದಕ್ಕಿಂತ ಹೆಚ್ಚಿಗೆ ನಾನು ಏನೂ ನೋಡಲಿಲ್ಲ.’ ಟೊಪ್ಪಿಗೆಯ ಚಿತ್ರ ಬರೆಯದೆ ತನ್ನ ಹೆಸರು ಬರೆದ.

ಅವಳು ಅದನ್ನು ಓದಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟು ಬಂದಳು. ಆಮೇಲೆ ಒಂದು ಲೋಟ ತಂದು ಅವನ ಮುಂದಿಟ್ಟಳು.

“ಬೀಗರ, ಚಹಾ ತಗೋರಿ.”

ಬಸ್ ನಿಲ್ದಾಣದಿಂದ ಅವನು ಮನೆಗೆ ಫೋನ್ ಮಾಡಿದ. ಬಸವಕ್ಕ ಏನಾತು, ಏನಾತು ಎಂದು ಕೇಳುತ್ತಲೇ ಇದ್ದಳು. “ಬೀಗರ ಅಂತ ಕರದು ಚಹಾ ಕೊಟ್ರು” ಎಂದ. ಆ ಕಡೆ ಬಸವಕ್ಕ ಮಗಳನ್ನು ಕೂಗಿದ್ದು, ಅಮೂಲ್ಯ ಓಡಿಬಂದ ಸದ್ದು ಕೇಳಿಸಿತು. ಅವನಿಗೆ ಸಂತೋಷವಾಯಿತು. ಆದರೆ ಆ ಸಂತೋಷವನ್ನು ತನ್ನದೆಂದು ಇಟ್ಟುಕೊಳ್ಳಲು ಧೈರ್ಯ ಬರಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಆಚೆ ಅದೇ ಬಳೆ ಅಂಗಡಿ. ಈಚೆ ಅದೇ ಕಂಬ. ಅವನ ಕಾಲು ತಾನಾಗಿಯೇ ಕಂಬದ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ತಡೆದು, ಕೋಟು ಕಂಕುಳಲ್ಲಿ ಇಟ್ಟುಕೊಂಡು, ಬಯಲಿನಲ್ಲಿ ಬಿಸಿಲಿಗೆ ನಿಂತ. ಅಂಗಡಿಯಲ್ಲಿ ಯಾರೋ ಒಬ್ಬ ಗಂಡಸು, ಒಬ್ಬ ಹುಡುಗಿ ನಿಂತಿದ್ದರು. ಹುಡುಗಿ ಕೈ ಚಾಚಿದ್ದಳು.

ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬಂದ ಪೀರಮ್ಮ ಅವನ ಪಕ್ಕ ನಿಂತಳು. “ಏನು ನೋಡಾಕತ್ತೀರಿ ಸ್ವಾಮ್ಯಾರ?”

“ಬಳೆ ಅಂಗಡಿ.”

“ಅವರು ಯಾರು?”

“ಗೊತ್ತಿಲ್ಲ” ಎಂದ ಹಾಲಸ್ವಾಮಿ. ಹನ್ನೆರಡು ವರ್ಷದ ಕಸುಬಿನಲ್ಲಿ ಈ ಮಾತನ್ನು ಅವನು ಮೊದಲ ಸಲ ಆಡಿದ್ದ. “ಬಳೆ ಇಡಿಸ್ಕೊಳ್ಳಾಕತ್ಯಾಳ. ಅಷ್ಟ ಕಾಣತೈತಿ ನನಗ.”